ಬಾಳೆ ಕಂದು ಮಾರುವ ಮುನ್ನ

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಕಮಲಾಪುರ ಸಿಗುತ್ತದೆ. ಅಲ್ಲಿನ ಕೆಂಪು ಬಾಳೆಯ ರುಚಿ ನಿಮಗೆ ಗೊತ್ತಿಲ್ಲವೆಂದರೆ ಮೊದಲು ಒಂದು ಹಣ್ಣು ತಿಂದು ಬನ್ನಿ, ಪಾಠ ಆಮೇಲೆ.

ಬಾಳೆಯ ಬುಡದಲ್ಲಿ ಒಡೆಯುವ ಮರಿಗೆ ಕಂದು ಎನ್ನುತ್ತಾರೆ. ಹಿತ್ತಲಲ್ಲಿ ನಾವು ಬಾಳೆ ಬೆಳೆಸುವುದು ಈ ಕಂದು ನೆಟ್ಟೇ. ನಿಮ್ಮ ಗಿಡ ನಾಲ್ಕು ಕಂದು ಬಿಟ್ಟಿತು, ನಗರದ ಇನ್ನೊಬ್ಬ ಕೈತೋಟದ ಗೆಳೆಯರು ಬಂದು ಕೇಳಿದರು ಎಂದುಕೊಳ್ಳಿ. ಪುಕ್ಕಟೆ ಕೊಟ್ಟರೆ ಅದು ಉಡುಗೊರೆ. ಹಣ ಪಡೆದರೆ, ಅದು ಎಷ್ಟೇ ಚಿಕ್ಕ ಮೊತ್ತವಾಗಲಿ, ಮಾರಾಟ. 1930ರ ಸರಕು ಮಾರಾಟ ಕಾಯ್ದೆಗೆ ರಸೀದಿಯೇ ಬೇಕೆಂದಿಲ್ಲ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ.

ಈಗ ನಿಧಾನವಾಗಿ ಮುಂದಿನ ಹೆಜ್ಜೆ ಇಡೋಣ. "ಇದು ಕೆಂಪು ಬಾಳೆ" ಎಂದು ಹೇಳಿ ಕೊಟ್ಟಿರಿ. ಕಾನೂನು ಇದನ್ನು ವರ್ಣನೆಯ ಮೇಲಿನ ಮಾರಾಟ ಎನ್ನುತ್ತದೆ. ಎಂದರೆ ಕೊಂಡವರು ನಿಮ್ಮ ವರ್ಣನೆಯನ್ನು ನಂಬಿ ಹಣ ಕೊಟ್ಟಿದ್ದಾರೆ. ಕೊಟ್ಟ ಸರಕು ಆ ವರ್ಣನೆಗೆ ಹೊಂದಲೇಬೇಕು. ಕೆಂಪು ಬಾಳೆ ಗೊನೆ ಬಿಡಲು ವರ್ಷ ದಾಟುತ್ತದೆ. ಅಷ್ಟು ದಿನ ನೀರು, ಗೊಬ್ಬರ ಹಾಕಿದ ಮೇಲೆ ಹಳದಿ ಹಣ್ಣು ಬಂದರೆ ಅವರು ಪರಿಹಾರ ಕೇಳಬಹುದು. ನಿಮಗೂ ಗೊತ್ತಿರಲಿಲ್ಲ ಎಂಬುದು ಇಲ್ಲಿ ಪೂರ್ತಿ ರಕ್ಷಣೆಯಲ್ಲ. ಗೊತ್ತಿದ್ದೂ ಹಾಗೆಂದಿದ್ದರೆ ಅದು 1872ರ ಕರಾರು ಕಾಯ್ದೆಯ ಪ್ರಕಾರ ವಂಚನೆ.

ಗುಣಮಟ್ಟದ ಮಾತು ಬೇರೆ. ಸರಕು ಚೆನ್ನಾಗಿದೆಯೇ ಎಂದು ನೋಡಿಕೊಳ್ಳುವುದು ಸಾಮಾನ್ಯವಾಗಿ ಕೊಳ್ಳುವವರ ಹೊಣೆ. ಆ ಸರಕನ್ನೇ ವ್ಯಾಪಾರವಾಗಿ ಮಾರುವ ನರ್ಸರಿಯವರಿಗೆ ಹೊಣೆ ಹೆಚ್ಚು. ಅಪರೂಪಕ್ಕೆ ಮಾರುವ ನಿಮಗೆ ಕಡಿಮೆ. ಗ್ರಾಹಕ ರಕ್ಷಣಾ ಕಾಯ್ದೆಯ ಲೆಕ್ಕವೂ ಹೆಚ್ಚುಕಡಿಮೆ ಇದೇ. ಆದರೆ ಪ್ರತಿ ಮಳೆಗಾಲ ಕಂದು ಸಾಲಾಗಿ ಇಟ್ಟು ಮಾರತೊಡಗಿದರೆ "ನಾನು ಬರೀ ಹವ್ಯಾಸಿ" ಎಂಬ ಮಾತು ನಿಲ್ಲುವುದು ಕಷ್ಟ.

ಬಾಳೆಗೆ ಪನಾಮ ಸೊರಗು ಎಂಬ ರೋಗವಿದೆ. ಅದರ ಶಿಲೀಂಧ್ರ ಕಂದಿನ ಜೊತೆಗೇ ಹೋಗಿ, ಹೊಸ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕೇಳಿದಾಗ "ರೋಗವಿಲ್ಲ" ಎಂದು ಸುಳ್ಳು ಹೇಳಿದರೆ ವಂಚನೆ. ಕೇಳದಿದ್ದಾಗ ಸುಮ್ಮನಿದ್ದರೆ? ಬರೀ ಮೌನವನ್ನು ಕಾನೂನು ಎಲ್ಲ ಕಡೆಯೂ ವಂಚನೆ ಎನ್ನುವುದಿಲ್ಲ. ಗೆಳೆಯರ ಹಿತ್ತಲು ಹಾಳಾಗುವ ಮಾತಾದ್ದರಿಂದ, ಕೇಳದಿದ್ದರೂ ಹೇಳಿಬಿಡಿ ಎನ್ನುತ್ತೇನೆ ನಾನು.

ಇನ್ನು ಹೆಸರು. ಕಮಲಾಪುರದ ಕೆಂಪು ಬಾಳೆಗೆ ಜಿಐ, ಅಂದರೆ ಭೌಗೋಳಿಕ ಗುರುತು ಇದೆ. ಆ ಸೀಮೆಯಲ್ಲಿ ಬೆಳೆದ ಹಣ್ಣಿಗೇ ಆ ಹೆಸರು ಸಲ್ಲುತ್ತದೆ. ತಾಯಿಗಿಡ ಅಲ್ಲಿಂದಲೇ ಬಂದಿದ್ದರೂ, ಕಲಬುರಗಿಯ ನಿಮ್ಮ ಹಿತ್ತಲಿನ ಗೊನೆಯನ್ನು ಬರೀ "ಕೆಂಪು ಬಾಳೆ" ಎಂದು ಮಾರಿ.

ತಳಿಯ ಬಗ್ಗೆ ನಿಮಗೇ ಅನುಮಾನವಿದ್ದರೆ ಹಣ ಪಡೆಯುವ ಮೊದಲೇ ಚೀಟಿಯಲ್ಲಿ ಎರಡು ಸಾಲು ಬರೆದು ಕೊಡಿ: "ಇದರ ತಾಯಿಗಿಡ ಗೊನೆ ಬಿಟ್ಟಿದ್ದನ್ನು ನಾನು ನೋಡಿಲ್ಲ. ತಳಿಗೆ ಖಾತ್ರಿ ಕೊಡಲಾರೆ."