ನಡುವೆ ಕೂತಿದ್ದವಳ ಮಾತು

ಪುಟ್ಟೀ,

ದೀಪಾವಳಿಗೆ ನೀನು ಬಾಡಿಗೆ ಕಾರು ಓಡಿಸಿಕೊಂಡು ಬಂದಿದ್ದೆಯಲ್ಲ, ನನ್ನನ್ನು ಸಾಗರಕ್ಕೆ ಕರೆದೊಯ್ದ ದಿನ ಅದರ ತೆರೆ ಮೇಲೆ ಕಣ್ಣಾಡಿಸಿದೆ. ಹಿಂದೆ ಓಡಿಸಿದವರ ಫೋನುಗಳ ಹೆಸರು ಸಾಲಾಗಿ ನಿಂತಿದ್ದವು, ಕೊನೆಯಲ್ಲಿ ನಿನ್ನದು. ಅಂದೇ ಹೇಳಬೇಕೆಂದಿದ್ದೆ. ಹಬ್ಬದ ದಿನ ಉಪದೇಶ ಬೇಡ ಅಂತ ಸುಮ್ಮನಾದೆ.

ನಾನು ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಶಿವಮೊಗ್ಗದಿಂದ ಬಾಂಬೆಗೆ ಮಾತಾಡಬೇಕೆಂದರೆ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿದ್ದ ಕಾಲ. ಎರಡು ತುದಿಗೂ ತಂತಿ ಚುಚ್ಚಿ ಸೇರಿಸುವವರು ನಾವು. ಒಂದು ಕೀ ತಳ್ಳಿದರೆ ಸಾಕು, ಗಂಡ ಹೆಂಡತಿ ಜಗಳ ನಮ್ಮ ಹೆಡ್‌ಸೆಟ್ಟಿನೊಳಗೆ. (ಕೇಳಿಸಿಕೊಂಡಿದ್ದೀಯಾ ಅಂತ ಕೇಳಬೇಡ.) ಅವರಿಬ್ಬರಿಗೂ ನೇರವಾಗಿ ಮಾತಾಡುತ್ತಿದ್ದೇವೆ ಅನ್ನಿಸುತ್ತಿತ್ತು. ಈಗ ನನ್ನ ಕಿವಿ ಮಿಷನ್ನೂ ಫೋನೂ ಬ್ಲೂಟೂತಿನಲ್ಲಿ ಮಾತಾಡಿಕೊಳ್ಳುತ್ತವೆ. ಅದನ್ನು ಹಾಕಿಕೊಂಡ ದಿನವೇ ನನಗೆ ಬಂದ ಯೋಚನೆ: ಇವೆರಡರ ನಡುವೆ ಕೂತಿರುವವಳು ಯಾರು?

ತಂತಿಯಿಲ್ಲದ ಕಡೆ ಕೂರಲು ಕುರ್ಚಿಯೂ ಬೇಡ. 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟುತ್ತದೆ. ಹತ್ತು ಮೀಟರಿನಾಚೆ ಹೋಗದು ಅಂತ ನಂಬಿಕೊಂಡಿರಬೇಡ, ಒಳ್ಳೆ ಆಂಟೆನಾ ಹಿಡಿದವನಿಗೆ ಇನ್ನೂ ದೂರಕ್ಕೆ ಕೇಳಿಸುತ್ತದೆ. ಹಾಡು ಕೇಳುವ ಬ್ಲೂಟೂತ್ ಸೆಕೆಂಡಿಗೆ 1600 ಸಲ ಚಾನೆಲ್ ಬದಲಿಸುವುದು ನಿಜ. ಅದು ಗದ್ದಲ ತಪ್ಪಿಸಿಕೊಳ್ಳಲಿಕ್ಕೆ, ಗುಟ್ಟು ಕಾಯಲಿಕ್ಕಲ್ಲ.

ಗುಟ್ಟು ನಿಂತಿರುವುದು ಮೊದಲ ಸಲ ಪೇರ್ ಮಾಡುವ ಆ ಒಂದು ಗಳಿಗೆಯಲ್ಲಿ. ಎರಡೂ ತೆರೆ ಮೇಲೆ ಆರಂಕಿ ಬಂದು ‘ಒಂದೇ ಇದೆಯಾ’ ಅಂತ ಕೇಳುತ್ತದಲ್ಲ, ನೀವು ಅದನ್ನು ಓದುವುದೇ ಇಲ್ಲ. 2007ರಲ್ಲಿ ಬಂದ ಪದ್ಧತಿ ಅದು. ಅದಕ್ಕೆ ಮುಂಚೆ ಎಷ್ಟೋ ಸಾಧನಗಳಲ್ಲಿ 0000 ಒತ್ತಿದರೆ ಮುಗಿಯಿತು. ನನ್ನಂಥವಳೊಬ್ಬಳು ನಡುವೆ ಕೂತು ಇತ್ತ ನಿನ್ನ ಫೋನಿನ ಜೊತೆ ಮಾತಿಗೆ ಬೀಗ ಹಾಕುವ ಒಂದು ಕೀ, ಅತ್ತ ಕಾರಿನ ಜೊತೆ ಬೇರೊಂದು ಕೀ ಹೊಂದಿಸಿಕೊಂಡಳೆನ್ನು, ಎರಡು ತೆರೆಯ ಅಂಕಿ ಬೇರೆಬೇರೆ ಬರುತ್ತವೆ. ಅಕಸ್ಮಾತ್ ಹೊಂದಿಕೊಳ್ಳುವ ಸಾಧ್ಯತೆ ಹತ್ತು ಲಕ್ಷಕ್ಕೊಂದು. ಆ ಅಂಕಿ ಒಟಿಪಿ ಅಲ್ಲ, ಪಕ್ಕದವನು ನೋಡಿದರೆ ನಷ್ಟವಿಲ್ಲ. ನೀನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತೀಯೇ ಹೊರತು ಓದುವುದಿಲ್ಲ! ಆರೂ ಅಂಕಿ ಓದು, ಬರೀ ಕೊನೆಯೆರಡನ್ನಲ್ಲ. ಒಂದು ತೆರೆ ‘ಒಂದೇ ಇದೆಯಾ’ ಅಂದು, ಇನ್ನೊಂದು ‘ಟೈಪ್ ಮಾಡು’ ಅಂದರೆ ಅಲ್ಲಿಗೇ ಬಿಟ್ಟುಬಿಡು.

ಬಡ್ಸ್‌ಗೆ ತೆರೆಯೇ ಇಲ್ಲ, ಅವು ಏನೂ ಕೇಳದೆ ಸೇರಿಕೊಳ್ಳುತ್ತವೆ. ಮಾತಿಗೇನೋ ಬೀಗ ಬೀಳುತ್ತದೆ, ಬೀಗ ಹಾಕಿಕೊಂಡದ್ದು ಯಾರ ಜೊತೆ ಅನ್ನುವುದಕ್ಕೆ ಸಾಕ್ಷಿ ಇರುವುದಿಲ್ಲ. ಆದ್ದರಿಂದ ಹೊಸ ಡಬ್ಬಿಯನ್ನು ಮೆಜೆಸ್ಟಿಕ್ಕಿನಲ್ಲಿ ಒಡೆಯಬೇಡ, ಪಿಜಿಗೆ ಹೋಗಿ ಪೇರ್ ಮಾಡು. ಒಮ್ಮೆ ಸೇರಿದ ಮೇಲೆ ಎರಡೂ ಕೀಯನ್ನು ನೆನಪಿಟ್ಟುಕೊಂಡಿರುತ್ತವೆ. ದಿನಾ ಬಳಸುವ ಬಡ್ಸ್ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಮತ್ತೆ ಪೇರ್ ಮಾಡು ಅಂದರೆ ಒಪ್ಪಬೇಡ, ಆ ಒಂದು ಪ್ರಯಾಣ ಹಾಡಿಲ್ಲದೆ ಕಳೆಯಲಿ.

ಫೋನಿನ ಅಪ್‌ಡೇಟನ್ನು ‘ನಾಳೆ’ ಅಂತ ತಳ್ಳುವುದು ನಿಮ್ಮಪ್ಪನಿಂದ ನಿನಗೆ ಬಂದ ಬಳುವಳಿ. 2017ರ ಬ್ಲೂಬೋರ್ನ್ ಅನ್ನುವ ದೋಷಗಳ ಮೂಲಕ ಒಳನುಗ್ಗಲು ಪೇರ್ ಆಗುವುದೂ ಬೇಕಿರಲಿಲ್ಲ, ಬ್ಲೂಟೂತ್ ಆನ್ ಇದ್ದರೆ ಸಾಕಿತ್ತು. 2019ರಲ್ಲಿ ಸಂಶೋಧಕರು ತೋರಿಸಿದ ‘ನಾಬ್’ ಅನ್ನುವ ದಾಳಿ ಇನ್ನೂ ನಾಜೂಕು. ಕೀ ಎಷ್ಟು ಉದ್ದ ಇರಲಿ ಅಂತ ಎರಡು ಸಾಧನ ಚೌಕಾಶಿ ಮಾಡುವಾಗ ನಡುವಿನವನು ಕೈಯಾಡಿಸಿ 16 ಬೈಟನ್ನು 1ಕ್ಕೆ ಇಳಿಸಬಹುದಿತ್ತು. ಒಂದು ಬೈಟ್ ಅಂದರೆ 256 ಸಾಧ್ಯತೆ. ನಿನ್ನ ಸೂಟ್‌ಕೇಸಿನ ಮೂರಂಕಿ ಬೀಗದಲ್ಲೇ 1000 ಇವೆ! ಆಮೇಲೆ ಕನಿಷ್ಠ 7 ಬೈಟ್ ಇರಲಿ ಅಂತ ತಿದ್ದಿದರು. ಆ ತಿದ್ದುಪಡಿ ನಿನ್ನ ಫೋನಿಗೆ ಬರುವುದು ಅಪ್‌ಡೇಟಿನಲ್ಲೇ.

ಇನ್ನು ಆ ಕಾರು. ಪೇರ್ ಮಾಡುವಾಗ ಕಾಂಟ್ಯಾಕ್ಟ್ಸ್ ಕೊಡಲಾ ಅಂತ ಫೋನು ಕೇಳಿತ್ತು, ನೀನು ಹೂಂ ಒತ್ತಿದ್ದೆ. ಹಾಡಿಗೆ ನಿನ್ನ ಕಾಂಟ್ಯಾಕ್ಟ್ಸ್ ಯಾಕೆ ಬೇಕು? ಎಷ್ಟೋ ಕಾರುಗಳು ಆ ಪಟ್ಟಿಯನ್ನು ತಮ್ಮೊಳಗೆ ಇಳಿಸಿಕೊಳ್ಳುತ್ತವೆ. ನಿನ್ನ ಫೋನಿನಿಂದ ಕಾರಿನ ಹೆಸರು ತೆಗೆದರೆ ಸಾಲದು, ಕಾರಿನ ತೆರೆಯಿಂದಲೂ ನಿನ್ನದನ್ನು ಅಳಿಸಬೇಕು. ಶನಿವಾರ ಬಿಡುವಾದರೆ ಕಾರು ಬಾಡಿಗೆಗೆ ಕೊಟ್ಟವರಲ್ಲಿಗೆ ಹೋಗಿ ಅಳಿಸಿ ಬಾ. ‘ಅಜ್ಜಿ ಶಿವಮೊಗ್ಗ’ ಅಂತ ನನ್ನ ನಂಬರೂ ಅದರಲ್ಲೇ ಕೂತಿರಬೇಕು.