ಅಂಗಳದ ಮರ ಮತ್ತು ನೆರೆಯವನ ಹಕ್ಕು

ನೆಟ್ಟ ಮರದ ಹಣ್ಣನ್ನು ಹಕ್ಕಿ ತಿಂದರೂ ಅದು ನೆಟ್ಟವನ ಪಾಲಿಗೆ ಸದಕಾ. ಆದರೆ ಅದೇ ಮರದ ಕೊಂಬೆ ನೆರೆಯವನ ಹೆಂಚಿನ ಮೇಲೆ ಬಾಗಿದ್ದರೆ?

ಸಮುರಾ ಬಿನ್ ಜುಂದುಬ್‌ರ(ರ) ಖರ್ಜೂರದ ಮರಗಳು ಒಬ್ಬ ಅನ್ಸಾರಿಯ ತೋಟದಲ್ಲಿದ್ದವು. ಅವರು ಬಂದುಹೋಗುವುದರಿಂದ ಮನೆಯವರಿಗೆ ತೊಂದರೆಯಾಗುತ್ತಿತ್ತು. ಮಾರಾಟ, ಬದಲಿ, ದಾನ ಯಾವುದಕ್ಕೂ ಅವರು ಒಪ್ಪದಿದ್ದಾಗ, ಮರಗಳನ್ನೇ ಕಿತ್ತುಹಾಕುವಂತೆ ಪ್ರವಾದಿವರ್ಯರು(ಸ) ಅನ್ಸಾರಿಗೆ ತಿಳಿಸಿದರೆಂದು ಅಬೂದಾವೂದ್ ವರದಿ ಮಾಡಿದ್ದಾರೆ. ನಮ್ಮ ಸೊತ್ತಾದರೂ ಅದರಿಂದ ಇನ್ನೊಬ್ಬರಿಗೆ ಹಾನಿಯಾಗಕೂಡದು.

ಹಾಗೆಂದು ಮೊದಲೇ ಕೊಡಲಿ ಎತ್ತಬೇಡಿ. ಮಳೆಗಾಲಕ್ಕೆ ಮುನ್ನ ಕೊಂಬೆ ಸವರಿದರೆ ಸಾಕಾದೀತು. ಬುಡವೇ ಟೊಳ್ಳಾಗಿದ್ದರೆ ಕಡಿಸಿರಿ. ಆದರೆ ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಇಲ್ಲದ ಮರಗಳಿಗೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಬಳಿಕ ಗೋಡೆಯಿಂದ ದೂರದಲ್ಲಿ ಒಂದು ಸಸಿ ನೆಡಿರಿ.

ನೆರೆಯವನು ದೂರು ಹೊತ್ತು ಬರುವ ಮುನ್ನ ನೀವೇ ಅವನ ಬಾಗಿಲಿಗೆ ಹೋಗಿ ಕೇಳಿರಿ.