ಏಕಪಕ್ಷ ಪ್ರಾಬಲ್ಯ: ಚಿಂಚೋಳಿಯ ವೀರೇಂದ್ರ ಪಾಟೀಲ

ಏಕಪಕ್ಷ ವ್ಯವಸ್ಥೆಯೇ ಬೇರೆ, ಏಕಪಕ್ಷ ಪ್ರಾಬಲ್ಯವೇ ಬೇರೆ. ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಚೀನಾದಲ್ಲಿ ಕಮ್ಯುನಿಸ್ಟ್ ಪಕ್ಷದ ನಾಯಕತ್ವಕ್ಕೆ ಸಂವಿಧಾನದ ಮುದ್ರೆಯಿದೆ. ಭಾರತದಲ್ಲಿ ಹಲವು ಪಕ್ಷಗಳು ಕಣದಲ್ಲಿದ್ದರೂ ಗೆಲ್ಲುತ್ತಿದ್ದುದು ಹೆಚ್ಚಾಗಿ ಕಾಂಗ್ರೆಸ್. ರಾಜ್ಯಶಾಸ್ತ್ರಜ್ಞ ರಜನಿ ಕೊಠಾರಿ 1964ರಲ್ಲಿ ಇದನ್ನು 'ಕಾಂಗ್ರೆಸ್ ವ್ಯವಸ್ಥೆ' ಎಂದರು: ವಿರೋಧವೂ ಪಕ್ಷದೊಳಗಿನ ಬಣಗಳ ಮೂಲಕವೇ ನಡೆಯುತ್ತಿತ್ತು.

ಇದಕ್ಕೆ ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರಿಗಿಂತ ಒಳ್ಳೆಯ ಉದಾಹರಣೆ ಸಿಗದು. 1968ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಇಂದಿರಾ ಗಾಂಧಿಯವರ ವಿರೋಧಿ ಬಣವಾದ ಸಂಸ್ಥಾ ಕಾಂಗ್ರೆಸ್‌ನಲ್ಲಿ ಉಳಿದರು. 1977ರಲ್ಲಿ, ತುರ್ತು ಪರಿಸ್ಥಿತಿಯ ಸಿಟ್ಟಿಗೆ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದರೂ ಕರ್ನಾಟಕ ಆ ಪಕ್ಷಕ್ಕೆ 28ರಲ್ಲಿ 26 ಲೋಕಸಭಾ ಸ್ಥಾನ ಕೊಟ್ಟಿತು. ಮರುವರ್ಷ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಪಾಟೀಲರು ಜನತಾ ಪಕ್ಷದಿಂದ ಇಂದಿರಾ ಗಾಂಧಿಯವರ ಎದುರು ನಿಂತು ಸೋತರು. ಆಮೇಲೆ ಅದೇ ಇಂದಿರಾ ಪಕ್ಷ ಸೇರಿದರು!

ರಾಜ್ಯದಲ್ಲಿ ಪ್ರಾಬಲ್ಯ ಮುರಿದದ್ದು 1983ರಲ್ಲಿ. ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ (ಈ ಪ್ರಶ್ನೆ ಪದೇ ಪದೇ ಬರುತ್ತದೆ).

1989ರಲ್ಲಿ 224ರಲ್ಲಿ 178 ಸ್ಥಾನ ಗೆದ್ದ ಕಾಂಗ್ರೆಸ್‌ನಿಂದ ಪಾಟೀಲರು ಮತ್ತೆ ಮುಖ್ಯಮಂತ್ರಿಯಾದರು. 1990ರ ಅಕ್ಟೋಬರ್‌ನಲ್ಲಿ ಅವರು ಅನಾರೋಗ್ಯದಲ್ಲಿದ್ದಾಗಲೇ ಪಕ್ಷದ ಅಧ್ಯಕ್ಷ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾವಣೆ ಪ್ರಕಟಿಸಿದರು. ನಂತರ ಬಂದವರು ಎಸ್. ಬಂಗಾರಪ್ಪ.